ಡಬ್ಬಿಯ ಫೋಟೊ ಬೇಡ, ಚಿಪ್‌ನ ಸಂಖ್ಯೆ ಕೊಡಿ

"ಸರ್, ಬೋರ್ಡ್‌ಗೆ ವೈಫೈ ಡಾಂಗಲ್ ಹಾಕಿದೀನಿ, ಡ್ರೈವರ್ ಸಿಗ್ತಿಲ್ಲ." ರಾಸ್ಪ್‌ಬೆರಿ ಪೈನಂಥ ಪುಟ್ಟ ಕಂಪ್ಯೂಟರ್ ಬೋರ್ಡ್ ಬಳಸುವವರಿಂದ ಈ ಮಾತು ನನಗೆ ಪದೇ ಪದೇ ಬರುತ್ತದೆ. ಡಾಂಗಲ್ ಅಂದರೆ ಯುಎಸ್‌ಬಿ ಪೋರ್ಟ್‌ಗೆ ಸಿಕ್ಕಿಸುವ ಪುಟ್ಟ ಸಾಧನ, ಡ್ರೈವರ್ ಅಂದರೆ ಅದನ್ನು ನಡೆಸುವ ತಂತ್ರಾಂಶ. ಯಾವ ಡಾಂಗಲ್ ಎಂದು ಕೇಳಿದರೆ ಡಬ್ಬಿಯ ಫೋಟೊ ಕಳಿಸುತ್ತಾರೆ. ಅದರಿಂದ ನನಗೆ ಏನೂ ತಿಳಿಯುವುದಿಲ್ಲ.

ದಯವಿಟ್ಟು ಇದೊಂದನ್ನು ನೆನಪಿಡಿ. ಬೋರ್ಡ್‌ನ ಓಎಸ್‌ಗೆ ತಿರುಳಾಗಿರುವ ಲಿನಕ್ಸ್ ಕರ್ನೆಲ್ ಡಬ್ಬಿಯ ಮೇಲಿನ ಹೆಸರು ನೋಡಿ ಡ್ರೈವರ್ ಹುಡುಕುವುದಿಲ್ಲ. ಯುಎಸ್‌ಬಿ ಸಾಧನ ತಾನೇ ಎರಡು ಸಂಖ್ಯೆ ಹೇಳುತ್ತದೆ, ತಯಾರಕರದೊಂದು, ಉತ್ಪನ್ನದ್ದೊಂದು. ಟರ್ಮಿನಲ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ (lsusb) ಆದೇಶ ಕೊಟ್ಟರೆ ಎರಡೂ ಕಾಣುತ್ತವೆ. 0ಸಿಎಫ್3:9271 ಬಂದರೆ ಒಳಗಿರುವುದು ಅಥೆರೋಸ್ ಚಿಪ್. 0ಬಿಡಿಎ:8179 ಬಂದರೆ ರಿಯಲ್‌ಟೆಕ್ ಚಿಪ್. ಎರಡಕ್ಕೂ ಬೇರೆ ಬೇರೆ ಡ್ರೈವರ್ ಬೇಕು. ಮಾಡೆಲ್ ಹೆಸರು ಹಾಗೇ ಉಳಿಸಿಕೊಂಡು ಒಳಗಿನ ಚಿಪ್ ಮಾತ್ರ ಬದಲಾಯಿಸುವ ತಯಾರಕರಿದ್ದಾರೆ. ಸುಳಿವು ಅಂತ ಇರುವುದು ಎಲ್ಲೋ ಮೂಲೆಯಲ್ಲಿ ಸಣ್ಣದಾಗಿ ಅಚ್ಚಾದ 'ವಿ2' ಮಾತ್ರ.

ರೋಬಾಟ್ ಕಟ್ಟುತ್ತಿದ್ದ ಒಬ್ಬ ವಿದ್ಯಾರ್ಥಿನಿ ಒಂದೇ ಹೆಸರಿನ ಎರಡು ಡಾಂಗಲ್ ತಂದಿದ್ದಳು. ಒಂದು ಹಾಕಿದ ಕೂಡಲೇ ನಡೆಯಿತು. ಇನ್ನೊಂದು ಅಲ್ಲಾಡಲಿಲ್ಲ. ಪೋರ್ಟ್ ಕೆಟ್ಟಿದೆ ಅಂದುಕೊಂಡು ಕಾರ್ಡ್‌ಗೆ ಮತ್ತೆ ಮತ್ತೆ ಓಎಸ್ ಹಾಕಿ, ಮೂರು ರಾತ್ರಿ ನಿದ್ದೆ ಕೆಟ್ಟಿದ್ದಳು. ಎರಡರ ಸಂಖ್ಯೆಯನ್ನೂ ಪಕ್ಕ ಪಕ್ಕ ತೋರಿಸಿದೆ. "ಸರ್, ಇದು ಬೇರೆ ಸಾಧನಾನೇ ಅಲ್ವಾ!" ಅಂದಳು. ಇಷ್ಟು ಶ್ರದ್ಧೆ ಇರುವ ಮಕ್ಕಳ ರಾತ್ರಿಗಳು ಹೀಗೆ ಹಾಳಾಗುವುದು ಕಂಡರೆ ನನಗೆ ಸಂಕಟವಾಗುತ್ತದೆ.

ಒಂದು ಎಚ್ಚರಿಕೆ. ಕೆಲವು ಡಾಂಗಲ್‌ಗಳು ಮೊದಲು ಸಿಡಿ ಡ್ರೈವ್‌ನಂತೆ ಕಾಣಿಸಿಕೊಳ್ಳುತ್ತವೆ. ಆಗ ಸಿಗುವ ಸಂಖ್ಯೆ ವೈಫೈನದ್ದಲ್ಲ. ಹಾಗಾಗಿ ಸಂಖ್ಯೆಯೊಂದನ್ನೇ ನೋಡಿ ನಾನು ಭರವಸೆ ಕೊಡುವುದಿಲ್ಲ, ಕರ್ನೆಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸೇಜ್ (dmesg) ಆದೇಶದ ಸಾಲುಗಳನ್ನೂ ಕೇಳುತ್ತೇನೆ. ಅಲ್ಲಿ ಫರ್ಮ್‌ವೇರ್ ಲೋಡ್ ಆಗಲಿಲ್ಲ, ದೋಷ -2 ಎಂದಿದ್ದರೆ ಡ್ರೈವರ್ ಆಗಲೇ ಬಂದು ಕೂತಿದೆ. ಸಿಗದೇ ಇರುವುದು ಚಿಪ್‌ಗೆ ತುಂಬಬೇಕಾದ ಫೈಲ್. ಫರ್ಮ್‌ವೇರ್ ಪ್ಯಾಕೇಜ್ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಇಲ್ಲಿ ಡ್ರೈವರ್ ಕಂಪೈಲ್ ಮಾಡುತ್ತಾ ಕೂರುವುದು ಸುಮ್ನೆ ಶ್ರಮ. ಸಾಧನ ಬಂದು ಬಂದು ಹೋಗುತ್ತಿದ್ದರೆ ಮೊದಲು ಪವರ್ ನೋಡಿ. ರಾಸ್ಪ್‌ಬೆರಿ ಪೈ 5ಕ್ಕೆ 5 ಆಂಪಿಯರ್ ಅಡಾಪ್ಟರ್ ಇಲ್ಲದಿದ್ದರೆ, ಅದು ಎಲ್ಲ ಯುಎಸ್‌ಬಿ ಪೋರ್ಟ್‌ಗಳಿಗೂ ಸೇರಿಸಿ 600 ಮಿಲಿಆಂಪಿಯರ್ ಮಾತ್ರ ಬಿಡುತ್ತದೆ.

ಐ2ಸಿ, ಅಂದರೆ ಎರಡು ತಂತಿಯಲ್ಲಿ ಮಾತಾಡುವ ಸಂಪರ್ಕ, ಬಳಸುವ ಸೆನ್ಸರ್‌ನ ಕಥೆ ಬೇರೆ. ಅದು ತಾನು ಯಾರೆಂದು ಹೇಳಿಕೊಳ್ಳುವುದಿಲ್ಲ. ಕರ್ನೆಲ್ ಡ್ರೈವರ್ ಬೇಕಿದ್ದರೆ ಬೋರ್ಡ್‌ಗೆ ಏನು ಜೋಡಿಸಿದೆ ಎಂದು ಕರ್ನೆಲ್‌ಗೆ ತಿಳಿಸುವ ಡಿವೈಸ್ ಟ್ರೀ ಓವರ್‌ಲೇ ಮೂಲಕ ನಾವೇ ಹೇಳಬೇಕು. ರಾಸ್ಪ್‌ಬೆರಿ ಪೈ ಓಎಸ್‌ನಲ್ಲಿ ಆ ಓವರ್‌ಲೇ ಸಾಲು ಬರೆಯುವ ಕಾನ್ಫಿಗ್ ಫೈಲ್ (config.txt) 2023ರ ಬುಕ್‌ವರ್ಮ್ ಆವೃತ್ತಿಯಿಂದ ಬೂಟ್ ಒಳಗಿನ ಫರ್ಮ್‌ವೇರ್ ಫೋಲ್ಡರ್‌ಗೆ ಹೋಗಿದೆ. ಹಳೇ ಜಾಗದಲ್ಲಿ ಎಷ್ಟು ತಿದ್ದಿದರೂ ಬೋರ್ಡ್ ಅದನ್ನು ಓದುವುದಿಲ್ಲ.

ಮುಂದಿನ ಸಲ ಬರೆಯುವಾಗ ಎಲ್‌ಎಸ್‌ಯುಎಸ್‌ಬಿಯ ಆ ಒಂದು ಸಾಲು, ಕರ್ನೆಲ್ ಆವೃತ್ತಿ, ಡಾಂಗಲ್ ಹಾಕಿದ ತಕ್ಷಣ ಡಿಮೆಸೇಜ್‌ನಲ್ಲಿ ಬಂದ ಸಾಲುಗಳು, ಇಷ್ಟನ್ನು ಕಳಿಸಿ.