ಓದುಗರ ಪ್ರಶ್ನೆ: ರೈಲ್ವೆ ಲೈನ್ ಹಾಕಿ ಮುಗಿದ ಮೇಲೂ ಟಿಂಡಾದಲ್ಲಿ ಜನ ಯಾಕೆ ಉಳಿದಿದ್ದಾರೆ?

ರಷ್ಯಾದ ರೈಲ್ವೆ ಬಗ್ಗೆ ಏನೇ ಬರೆದ್ರೂ ಯಾರಾದ್ರೂ ಒಬ್ರು ಇದನ್ನ ಕೇಳೇ ಕೇಳ್ತಾರೆ. "ಸುತ್ತ ನೂರಾರು ಕಿಲೋಮೀಟರ್ ಕಾಡು, ಚಳಿಗಾಲದಲ್ಲಿ ಮೈನಸ್ 40 ಡಿಗ್ರಿ, ಅಂಥ ಜಾಗದಲ್ಲಿ ರೈಲ್ವೆಗೋಸ್ಕರ ಊರು ಕಟ್ಟಿದ್ರಲ್ಲ, ಈಗ ಲೈನ್ ಹಾಕಿ ಮುಗಿದು ಎಷ್ಟೋ ವರ್ಷ ಆಯ್ತು, ಇನ್ನೂ ಅಲ್ಲಿ ಜನ ಯಾಕಿದ್ದಾರೆ, ಹೊಟ್ಟೆಪಾಡಿಗೆ ಏನ್ ಮಾಡ್ತಾರೆ?"

ಮೊದಲು ಚಿಕ್ಕ ಉತ್ತರ ಹೇಳ್ಬಿಡ್ತೀನಿ. ಲೈನ್ ಹಾಕೋ ಕೆಲಸಕ್ಕೆ ಒಂದು ಕೊನೆ ಇರುತ್ತೆ, ಹಾಕಿದ ಲೈನ್‌ನ ಉಳಿಸ್ಕೊಳ್ಳೋ ಕೆಲಸಕ್ಕೆ ಇರಲ್ಲ. ಅದರಲ್ಲೂ ವರ್ಷಪೂರ್ತಿ ಹೆಪ್ಪುಗಟ್ಟಿರೋ ನೆಲದ ಮೇಲೆ ಹಾಕಿದ ಲೈನ್ ಅಂದ್ರೆ ಪಕ್ಕದಲ್ಲೇ ಜನ ಬೇಕು, ಹಗಲೂ ರಾತ್ರಿ. ಉಳಿದಿರೋರು ಆ ಜನ. ಇನ್ನು ದೊಡ್ಡ ಉತ್ತರ, ಅದಕ್ಕೆ ಟಿಂಡಾ ಅನ್ನೋ ಒಂದೇ ಊರು ಇಟ್ಕೊಂಡು ಹೇಳ್ತೀನಿ, ಯಾಕಂದ್ರೆ ಈ ಕಥೆಯ ಒಳ್ಳೇದು ಕೆಟ್ಟದ್ದು ಎರಡೂ ಅಲ್ಲಿ ಎದ್ದು ಕಾಣುತ್ತೆ.

ಟಿಂಡಾ ಇರೋದು ಅಮೂರ್ ಪ್ರಾಂತ್ಯದ ಉತ್ತರ ಭಾಗದಲ್ಲಿ. ಮಾಸ್ಕೋದಿಂದ ರೈಲಲ್ಲಿ ಹೋದ್ರೆ ಸುಮಾರು 5 ದಿನ ಬೇಕು. ಸುತ್ತಮುತ್ತ ಇವೆಂಕಿ ಜನರ ನೆಲ, ಹಿಮಸಾರಂಗ ಸಾಕೋರು, ಬೇಟೆಗಾರರು, ಊರಿನ ಹೆಸರೂ ಅವರ ಭಾಷೆಯಿಂದಾನೇ ಬಂದಿದ್ದು. ರೈಲ್ವೆಗಿಂತ ಮುಂಚೆ ಇದು ಆಲ್ದಾನ್ ಚಿನ್ನದ ಗಣಿಗಳಿಗೆ ಸಾಮಾನು ಸಾಗಿಸೋ ರಸ್ತೆ ಮೇಲಿನ ಒಂದು ತಂಗುದಾಣ, ಅಷ್ಟೇ.

ಟಿಂಡಾ ಮೂಲಕ ಹೋಗೋ ಲೈನ್ ಬೈಕಲ್-ಅಮೂರ್ ಮೇನ್‌ಲೈನ್, ಬಾಮ್ ಅಂತ ಕರೀತಾರಲ್ಲ, ಅದನ್ನ 1974ರಲ್ಲಿ ಸೋವಿಯತ್ ನಾಯಕ ಬ್ರೆಜ್ನೆವ್ ಕಾಲದಲ್ಲಿ ಹುಮ್ಮಸ್ಸಿನ ಹುಡುಗರು ಬಂದು ಕಟ್ಟಿದ್ರು ಅಂತಾನೇ ಜಾಸ್ತಿ ಜನಕ್ಕೆ ಗೊತ್ತಿರೋದು, ಆದ್ರೆ ಅದಕ್ಕೂ ಮುಂಚೆ ಒಂದು ಅಧ್ಯಾಯ ಇದೆ, ಅದನ್ನ ಬಿಟ್ಟು ಮಾತಾಡೋದು ನನಗೆ ಸರಿ ಅನ್ನಿಸಲ್ಲ. 1932ರಲ್ಲೇ ಸೋವಿಯತ್ ಸರ್ಕಾರ ಈ ಮಾರ್ಗಕ್ಕೆ ಆದೇಶ ಹೊರಡಿಸಿತ್ತು. ದುಡಿಯೋಕೆ ಅಲ್ಲಿಗೆ ಯಾರೂ ತಾವಾಗೇ ಹೋಗಲ್ಲ ಅಂತ ಆದಾಗ ಕೈದಿಗಳನ್ನ ಹಾಕಿದ್ರು, ಬಾಮ್‌ಲಾಗ್ ಅಂತ ಒಂದು ದೊಡ್ಡ ಶಿಬಿರ ವ್ಯವಸ್ಥೆ. ಮಾಸ್ಕೋದಿಂದ ಪೂರ್ವ ಕರಾವಳಿ ತನಕ ಹೋಗೋ ಟ್ರಾನ್ಸ್ ಸೈಬೀರಿಯನ್ ಲೈನ್‌ನಿಂದ ಟಿಂಡಾ ಕಡೆಗೆ ಉತ್ತರಕ್ಕೆ ಮೊದಲ ಹಳಿ ಹಾಕಿದ್ದು ಆ ಕೈದಿಗಳೇ. ಆಮೇಲೆ ಯುದ್ಧ ಬಂತು. 1942ರಲ್ಲಿ ಆ ಹಳಿಗಳನ್ನೆಲ್ಲ ಕಿತ್ತು ಪಶ್ಚಿಮಕ್ಕೆ ಸಾಗಿಸಿ, ಸ್ಟಾಲಿನ್‌ಗ್ರಾಡ್ ಹತ್ರ ವೋಲ್ಗಾ ಪಕ್ಕದಲ್ಲಿ ಸೈನ್ಯಕ್ಕೆ ತುರ್ತಾಗಿ ಬೇಕಿದ್ದ ಲೈನ್ ಹಾಕೋಕೆ ಬಳಸಿದ್ರು. ಯಾರದೋ ಪ್ರಾಣ ತೆತ್ತು ಹಾಕಿದ ಹಳಿ, ಕೊನೆಗೆ ಆ ಜಾಗದಲ್ಲಿ ಉಳಿದಿದ್ದು ಬರೀ ಮಣ್ಣಿನ ಏರಿ.

ಮತ್ತೆ ಶುರು ಮಾಡಿದ್ದು 1974ರಲ್ಲಿ. ಕಾರಣ ಒಂದೇ ಇರಲಿಲ್ಲ. ಹಳೇ ಟ್ರಾನ್ಸ್ ಸೈಬೀರಿಯನ್ ಲೈನ್ ಚೀನಾ ಗಡಿಗೆ ತೀರಾ ಹತ್ರ ಹೋಗುತ್ತೆ, 1969ರಲ್ಲಿ ದಮಾನ್‌ಸ್ಕಿ ದ್ವೀಪದಲ್ಲಿ ಎರಡೂ ದೇಶದ ಸೈನಿಕರು ಗುಂಡು ಹಾರಿಸ್ಕೊಂಡಿದ್ರು, ಹಾಗಾಗಿ ಗಡಿಯಿಂದ ದೂರ, ಉತ್ತರದಲ್ಲಿ ಇನ್ನೊಂದು ದಾರಿ ಬೇಕಿತ್ತು. ಜೊತೆಗೆ ಆ ಬೆಟ್ಟಗಳಲ್ಲಿ ತಾಮ್ರ, ಕಲ್ಲಿದ್ದಲು, ಮರ ಎಲ್ಲ ಇದೆ, ಹೊರಗೆ ತರೋಕೆ ದಾರಿ ಇಲ್ಲ. ಜಪಾನ್ ಆಗಲೇ ಟಿಂಡಾದ ಉತ್ತರಕ್ಕಿರೋ ಯಾಕೂತಿಯಾ ಪ್ರದೇಶದ ದಕ್ಷಿಣ ಭಾಗದಲ್ಲಿ ಸಿಗೋ, ಉಕ್ಕು ಮಾಡೋಕೆ ಬೇಕಾದ ಕೋಕಿಂಗ್ ಕೋಲ್‌ಗೆ ಸಾಲ ಕೊಟ್ಟು ಒಪ್ಪಂದ ಮಾಡ್ಕೊಂಡಿತ್ತು.

1975ರ ಮೇ 9ಕ್ಕೆ ಟಿಂಡಾಗೆ ಮೊದಲ ರೈಲು ಬಂತು, ಅದೇ ವರ್ಷ ಅದಕ್ಕೆ ನಗರ ಅನ್ನೋ ಪಟ್ಟ ಸಿಕ್ತು. ಬಾಮ್ ಮೇಲಿನ ಒಂದೊಂದು ಊರನ್ನ ಒಂದೊಂದು ಸೋವಿಯತ್ ಪ್ರದೇಶ ದತ್ತು ತಗೊಂಡು ಕಟ್ಟಿಕೊಟ್ಟಿತ್ತು. ಸೆವೆರೊಬೈಕಲ್ಸ್ಕ್ ಲೆನಿನ್‌ಗ್ರಾಡ್‌ನವರದ್ದು, ಉರ್ಗಾಲ್ ಉಕ್ರೇನಿನವರದ್ದು, ಟಿಂಡಾ ಮಾಸ್ಕೋದವರದ್ದು. ಅದಕ್ಕೇ ಟಿಂಡಾದ ಮುಖ್ಯ ಬೀದಿ ಹೆಸರು ಕ್ರಾಸ್ನಯಾ ಪ್ರೆಸ್ನ್ಯಾ, ಅದು ಮಾಸ್ಕೋದ ಒಂದು ಏರಿಯಾ ಹೆಸರು. ಕಾಡಿನ ಮಧ್ಯ ಎತ್ತೆತ್ತರದ ಅಪಾರ್ಟ್‌ಮೆಂಟ್ ಬ್ಲಾಕ್‌ಗಳು ಸಾಲಾಗಿ ನಿಂತಿರೋದನ್ನ ಫೋಟೋದಲ್ಲಿ ನೋಡಿದ್ರೆ ಯಾವುದೋ ದೊಡ್ಡ ಸಿಟಿಯ ಒಂದು ತುಂಡನ್ನ ತಂದು ಇಟ್ಟ ಹಾಗೆ ಕಾಣುತ್ತೆ.

ಜನ ಯಾಕೆ ಹೋದ್ರು? ಆದರ್ಶ ಇತ್ತು, ಅದನ್ನ ಸುಳ್ಳು ಅನ್ನೋಕಾಗಲ್ಲ, ಇಪ್ಪತ್ತರ ವಯಸ್ಸಿನ ಹುಡುಗ ಹುಡುಗಿಯರು ಹಾಡು ಹೇಳ್ಕೊಂಡು ರೈಲು ಹತ್ತಿದ್ರು. ಆದ್ರೆ ದುಡ್ಡೂ ಇತ್ತು. ಚಳಿ ಪ್ರದೇಶ ಅಂತ ಮೂಲ ಸಂಬಳನ ಗುಣಿಸಿ ಜಾಸ್ತಿ ಕೊಡ್ತಿದ್ರು, ವರ್ಷ ಕಳೆದ ಹಾಗೆ ಮೇಲೆ ಭತ್ಯೆ. ಆ ಕಾಲದ ಸೋವಿಯತ್ ದೇಶದಲ್ಲಿ ಕಾರು ಬೇಕು ಅಂದ್ರೆ ವರ್ಷಗಟ್ಟಲೆ ಕ್ಯೂ, ಬಾಮ್ ಕೆಲಸಗಾರರಿಗೆ ಮಾತ್ರ ಒಂದು ಸ್ಪೆಷಲ್ ಉಳಿತಾಯ ಖಾತೆ, ಸಂಬಳದಲ್ಲಿ ಒಂದು ಭಾಗ ಅದಕ್ಕೆ ಹಾಕ್ತಾ ಬಂದ್ರೆ ಕ್ಯೂ ಇಲ್ದೇ ಕಾರಿನ ಚೆಕ್ ಕೈಗೆ, ಅಂದ್ರೆ ಕೊಟ್ಟು ಕಾರು ತಗೊಳ್ಳೋ ಚೀಟಿ. ಅಂಗಡಿಗಳಲ್ಲಿ ಜಪಾನಿನ ಬಟ್ಟೆಬರೆ ಕೂಡ ಸಿಗ್ತಿತ್ತು, ಬೇರೆ ಊರಲ್ಲಿ ಕಣ್ಣಿಗೆ ಬೀಳದ ಸಾಮಾನು. ಮೂರು ವರ್ಷ ದುಡಿದು, ಕಾರು ತಗೊಂಡು, ಊರಿಗೆ ವಾಪಸ್ ಹೋಗೋದು, ಇದು ಬಹಳ ಜನರ ಲೆಕ್ಕ.

ಬಂದವರಿಗೆ ಮೊದಮೊದಲು ಟೆಂಟು, ಆಮೇಲೆ ಚಕ್ರದ ಮೇಲಿನ ವ್ಯಾಗನ್ ಮನೆ, ಆಮೇಲೆ ಮರದ ಹಲಗೆಯ ಬ್ಯಾರಕ್. ಇವಕ್ಕೆಲ್ಲ ಅಲ್ಲಿಯವರು ಹೇಳೋ ಒಂದೇ ಪದ ವ್ರೆಮ್ಯಾಂಕಾ, ಅಂದ್ರೆ ತಾತ್ಕಾಲಿಕ. ಈ ಪದ ನೆನಪಿಟ್ಕೊಳ್ಳಿ.

1984ರ ಶರತ್ಕಾಲದಲ್ಲಿ ಪೂರ್ವದಿಂದ ಬಂದ ಹಳಿ, ಪಶ್ಚಿಮದಿಂದ ಬಂದ ಹಳಿ ಎರಡೂ ಸೇರಿದ್ವು, ಅಕ್ಟೋಬರ್ 1ಕ್ಕೆ ಕುವಾಂದಾ ಸ್ಟೇಷನ್‌ನಲ್ಲಿ ದೊಡ್ಡ ಸಮಾರಂಭ. ಆದ್ರೆ ಹಳಿ ಸೇರಿದ ತಕ್ಷಣ ಲೈನ್ ರೆಡಿ ಅಂತ ಅಲ್ಲ, ಸೆವೆರೊಮೂಯ್ಸ್ಕಿ ಸುರಂಗ, 15 ಕಿಲೋಮೀಟರ್‌ಗಿಂತ ಉದ್ದ, ನೀರು ನುಗ್ಗಿ ಬಂಡೆ ಕುಸಿದು ನಿಂತು ನಿಂತು ಸಾಗಿ ಕೊನೆಗೆ ಓಪನ್ ಆಗಿದ್ದು 2003ರ ಡಿಸೆಂಬರ್‌ನಲ್ಲಿ. ಅಲ್ಲಿ ತನಕ ರೈಲುಗಳು ಬೆಟ್ಟ ಬಳಸಿ ಸುತ್ತಿ ಸುತ್ತಿ ಇನ್ನೊಂದು ಬೈಪಾಸ್ ಲೈನ್‌ನಲ್ಲಿ ಹೋಗ್ತಿದ್ವು.

ಈಗ ಪ್ರಶ್ನೆಯ ತಿರುಳಿಗೆ ಬರೋಣ. 1989ರ ಜನಗಣತಿಲಿ ಟಿಂಡಾದಲ್ಲಿ ಸುಮಾರು 62 ಸಾವಿರ ಜನ. 2021ರಲ್ಲಿ 28 ಸಾವಿರದ ಆಸುಪಾಸು. ಅಂದ್ರೆ ಅರ್ಧಕ್ಕಿಂತ ಜಾಸ್ತಿ ಖಾಲಿ. ಯಾಕೆ ಉಳಿದಿದ್ದಾರೆ ಅಂತ ಕೇಳೋರು ಎಷ್ಟು ಜನ ಹೋದ್ರು ಅನ್ನೋದನ್ನೂ ನೋಡ್ಬೇಕು. ಕಟ್ಟೋ ಕೆಲಸ ಮುಗಿದಿದ್ದಕ್ಕೆ ಒಂದಷ್ಟು ಜನ ಹೋದ್ರು, ಸೋವಿಯತ್ ದೇಶ ಮುರಿದುಬಿದ್ದು ಸರ್ಕಾರದ ದುಡ್ಡು ನಿಂತಿದ್ದಕ್ಕೆ ಇನ್ನಷ್ಟು ಜನ. ಬಾಮ್‌ಗೆ ಅಂತಾನೇ 1980ರಲ್ಲಿ ಟಿಂಡಾದಲ್ಲಿ ಒಂದು ಪ್ರತ್ಯೇಕ ರೈಲ್ವೆ ಆಡಳಿತ ಶುರುವಾಗಿತ್ತು, 1990ರ ದಶಕದ ಮಧ್ಯದಲ್ಲಿ ಅದನ್ನ ರದ್ದು ಮಾಡಿ ಲೈನ್‌ನ ಎರಡು ಭಾಗ ಮಾಡಿ ಅಕ್ಕಪಕ್ಕದ ರೈಲ್ವೆಗಳಿಗೆ ಹಂಚಿದ್ರು. ಹೆಡ್ ಆಫೀಸ್ ಹೋದ್ರೆ ಬರೀ ಆಫೀಸರುಗಳು ಹೋಗಲ್ಲ, ಅವರ ಜೊತೆ ಸ್ಕೂಲಿನ ಮಕ್ಕಳು, ಅಂಗಡಿಯ ಗಿರಾಕಿಗಳು, ಆಸ್ಪತ್ರೆ ಡಾಕ್ಟರು ಎಲ್ಲ ಒಬ್ಬೊಬ್ರಾಗಿ ಹೋಗ್ತಾರೆ.

ಹೋಗಬೇಕು ಅಂದ್ಕೊಂಡು ಹೋಗಕ್ಕಾಗದೇ ಇದ್ದವರೂ ಇದ್ರು, ನನಗೆ ಈ ಭಾಗಾನೇ ಮನಸ್ಸಿಗೆ ತುಂಬಾ ಚುಚ್ಚೋದು. ವರ್ಷಗಟ್ಟಲೆ ಕೂಡಿಟ್ಟ ದುಡ್ಡು 1992ರ ಬೆಲೆಯೇರಿಕೆಲಿ ಕಾಗದದ ಚೂರಾಯ್ತು. ಕಾರಿನ ಚೆಕ್ ಇಟ್ಕೊಂಡಿದ್ದೋರಿಗೆ ಕಾರೂ ಇಲ್ಲ, ದುಡ್ಡೂ ಇಲ್ಲ, ಸರ್ಕಾರ ಅದನ್ನ ತನ್ನ ಸಾಲ ಅಂತ ಒಪ್ಕೊಂಡ್ರೂ ತೀರಿಸೋಕೆ ವರ್ಷಾನುಗಟ್ಟಲೆ ಎಳೀತು. ಖಾಲಿ ಆಗ್ತಿರೋ ಊರಲ್ಲಿ ಮನೆ ಮಾರಿದ್ರೆ ಬೇರೆ ಊರಲ್ಲಿ ಒಂದು ರೂಮಿನ ದುಡ್ಡೂ ಹುಟ್ಟಲ್ಲ. ಮೂರು ವರ್ಷಕ್ಕೆ ಅಂತ ಬಂದೋರು ಆ ವ್ರೆಮ್ಯಾಂಕಾ ಮನೆಗಳಲ್ಲೇ ಮಕ್ಕಳನ್ನ ಹೆತ್ತು ಸಾಕಿ ಮುದುಕರಾದ್ರು. ಬಾಮ್ ಉದ್ದಕ್ಕೂ ಇರೋ ಇಂಥ ಹಳೇ ಬ್ಯಾರಕ್‌ಗಳಿಂದ ಜನರನ್ನ ಬೇರೆ ಮನೆಗೆ ಸ್ಥಳಾಂತರ ಮಾಡೋಕೆ ರಷ್ಯಾ ಸರ್ಕಾರ ಪ್ರತ್ಯೇಕ ಯೋಜನೆಯನ್ನೇ ಮಾಡಬೇಕಾಯ್ತು.

ಸರಿ, ಉಳಿದವರ ದುಡಿಮೆ ಏನು? ಟಿಂಡಾ ಒಂದು ಜಂಕ್ಷನ್. ಪೂರ್ವ ಪಶ್ಚಿಮಕ್ಕೆ ಬಾಮ್, ದಕ್ಷಿಣಕ್ಕೆ ಟ್ರಾನ್ಸ್ ಸೈಬೀರಿಯನ್ ಕಡೆ ಒಂದು ಲೈನ್, ಉತ್ತರಕ್ಕೆ ಬೆರ್ಕಾಕಿತ್ ದಾಟಿ ಯಾಕೂತಿಯಾ ಕಡೆ ಇನ್ನೊಂದು. ನೆರ್ಯುಂಗ್ರಿ ಗಣಿಯ ಕಲ್ಲಿದ್ದಲು ಬರೋದು ಆ ಉತ್ತರದ ಲೈನ್‌ನಲ್ಲಿ. ಬಾಮ್‌ನಲ್ಲಿ ಕರೆಂಟ್ ಎಂಜಿನ್ ಓಡಿದ್ದು ಪಶ್ಚಿಮದಲ್ಲಿ ತಕ್ಸಿಮೊ ತನಕ, ಅಲ್ಲಿಂದ ಪೂರ್ವಕ್ಕೆ ಟಿಂಡಾ ದಾಟಿ ಕಾಲ ಕಾಲದಿಂದ ಡೀಸೆಲ್ಲೇ ಎಳೆದಿದ್ದು. ಡೀಸೆಲ್ ಅಂದ್ರೆ ಲೋಕೋ ಶೆಡ್, ರಿಪೇರಿ, ಇಂಧನ, ಫಿಟ್ಟರ್‌ಗಳು. ಡ್ರೈವರು, ಅಸಿಸ್ಟೆಂಟು ಗಾಡಿ ತಗೊಂಡು ಹೋಗಿ, ಆ ಕಡೆ ಸ್ಟೇಷನ್ನಿನ ರೆಸ್ಟ್ ರೂಮಲ್ಲಿ ಮಲಗಿ, ಇನ್ನೊಂದು ಗಾಡಿ ಹಿಡಿದು ವಾಪಸ್ ಬರ್ತಾರೆ.

ಅದಕ್ಕಿಂತ ಕಷ್ಟದ್ದು ಹಳಿ ಕೆಲಸ. ನೆಲದೊಳಗೆ ಕೆಲವು ಮೀಟರ್ ಆಳದಲ್ಲಿ ಮಣ್ಣಿಗೆ ಮಂಜುಗಡ್ಡೆ ಬೆರೆತು ಕಲ್ಲಿನ ಹಾಗೆ ಇರುತ್ತೆ, ಹಾಗೇ ಇದ್ರೆ ಏನೂ ತೊಂದರೆ ಇಲ್ಲ. ರೈಲ್ವೆ ಏರಿ ಪಕ್ಕದಲ್ಲಿ ಬೇಸಿಗೆಲಿ ಒಂದಿಷ್ಟು ನೀರು ನಿಲ್ತು ಅಂದ್ಕೊಳ್ಳಿ, ಆ ನೀರಿನ ಬಿಸಿ ಕೆಳಗಿಳಿದು ಮಂಜು ಕರಗುತ್ತೆ, ನೆಲ ಜಗ್ಗುತ್ತೆ, ಹಳಿ ಅಲೆ ಅಲೆಯಾಗುತ್ತೆ. ಆಗ ಜಲ್ಲಿ ಹಾಕಿ, ಎತ್ತಿ, ಮತ್ತೆ ಸಮ ಮಾಡ್ಬೇಕು, ಮುಂದಿನ ವರ್ಷ ಮತ್ತೆ ಅಲ್ಲೇ. ಚಳಿಗಾಲದಲ್ಲಿ ಬೇರೆ ತೊಂದರೆ, ವಿಪರೀತ ಚಳಿಗೆ ಉಕ್ಕು ಕುಗ್ಗಿ ಪೆಡಸಾಗುತ್ತೆ, ಒಳಗೆ ಕೂದಲೆಳೆಯಂಥ ಬಿರುಕು ಇದ್ರೆ ಹಳಿ ಒಂದೇ ಏಟಿಗೆ ಮುರಿಯುತ್ತೆ. ಅದನ್ನ ಮೊದಲೇ ಹಿಡಿಯೋಕೆ ಇಬ್ರು ಒಂದು ಪುಟ್ಟ ಗಾಡಿನ ಹಳಿ ಮೇಲೆ ತಳ್ಕೊಂಡು ನಡೀತಾರೆ, ಗಾಡಿಯಲ್ಲಿ ಅಲ್ಟ್ರಾಸೌಂಡ್ ಯಂತ್ರ, ಟೋಪಿ ಒಳಗೆ ಕಿವಿಗೆ ಹೆಡ್‌ಫೋನ್, ಬಿರುಕು ಇದ್ದ ಕಡೆ ಸದ್ದು ಬದಲಾಗುತ್ತೆ. ಎಂಥ ಮೆಷಿನ್ ಬಂದ್ರೂ ಮೈನಸ್ 40ರಲ್ಲಿ ಆ ಹಳಿ ಪಕ್ಕ ನಡೆಯೋ ಕಾಲು ಮನುಷ್ಯರದ್ದೇ.

ಮನೆಗಳಿಗೂ ಇದೇ ನೆಲದ ಕಾಟ. ಬಿಲ್ಡಿಂಗ್‌ಗಳನ್ನ ಕಾಂಕ್ರೀಟ್ ಕಂಬಗಳ ಮೇಲೆ ನಿಲ್ಲಿಸಿ ಕೆಳಗೆ ಗಾಳಿ ಆಡೋಕೆ ಜಾಗ ಬಿಡ್ತಾರೆ, ಯಾಕಂದ್ರೆ ಮನೆ ಒಳಗಿನ ಬಿಸಿ ನೆಲಕ್ಕೆ ಇಳಿದ್ರೆ ಕೆಳಗಿನ ಮಂಜು ಕರಗಿ ಗೋಡೆ ಬಿರಿಯುತ್ತೆ. ಬಿಸಿನೀರಿನ ಪೈಪ್ ಕೂಡ ಎಷ್ಟೋ ಕಡೆ ನೆಲದ ಮೇಲೇ ಹೋಗುತ್ತೆ, ರಸ್ತೆ ಬಂದಾಗ ಕಮಾನಿನ ಹಾಗೆ ಮೇಲೆದ್ದು ದಾಟುತ್ತೆ. ಬಾಯ್ಲರ್ ನೋಡ್ಕೊಳ್ಳೋರು, ಪೈಪ್ ರಿಪೇರಿಯವರು, ಇವರೆಲ್ಲರ ಮಕ್ಕಳಿಗೆ ಟೀಚರ್‌ಗಳು, ನರ್ಸ್‌ಗಳು, ಊರಿನ ಉಳಿದ ನೌಕರಿಗಳು ಬಹುತೇಕ ಹೀಗೆ ರೈಲ್ವೆ ಸುತ್ತ ಹುಟ್ಟಿದ್ದೇ. ಮರದ ಕೆಲಸಾನೂ ಇತ್ತು, ಅದನ್ನ ಬಹಳ ವರ್ಷ ಮಾಡಿದ್ದು ಎರಡೂ ಸರ್ಕಾರಗಳ ಒಪ್ಪಂದದ ಮೇಲೆ ಬಂದ ಉತ್ತರ ಕೊರಿಯಾದ ಕೂಲಿಗಳು, ಟಿಂಡಾ ಸುತ್ತ ಅವರ ಕ್ಯಾಂಪ್‌ಗಳಿದ್ವು.

ಇನ್ನು ಗಣಿಗಳು. ಬಾಮ್ ಕಟ್ಟುವಾಗ ಕೊಟ್ಟ ಭರವಸೆ ಏನಂದ್ರೆ ಲೈನ್ ಬಂದ ತಕ್ಷಣ ಗಣಿ ಬರುತ್ತೆ, ಫ್ಯಾಕ್ಟರಿ ಬರುತ್ತೆ ಅಂತ. ಉದೊಕಾನ್ ತಾಮ್ರದ ನಿಕ್ಷೇಪ ಪತ್ತೆಯಾಗಿದ್ದು 1949ರಲ್ಲಿ, ಅದರ ಹತ್ರದ ನೊವಾಯಾ ಚಾರಾ ಸ್ಟೇಷನ್‌ಗೆ ಹಳಿ ಬಂದಿದ್ದು 1980ರ ದಶಕದಲ್ಲಿ, ತಾಮ್ರದ ಉತ್ಪಾದನೆ ಶುರುವಾಗಿದ್ದು 2023ರಲ್ಲಿ. ಹಳಿ ಹಾಕಿದ ಹುಡುಗರು ಅಷ್ಟೊತ್ತಿಗೆ ಪೆನ್ಷನ್ ತಗೊಂಡಾಗಿತ್ತು. ಈಗ ಏಷ್ಯಾ ಕಡೆಗೆ ಕಲ್ಲಿದ್ದಲು, ಅದಿರು ಸಾಗಿಸೋ ಒತ್ತಡ ಜಾಸ್ತಿಯಾಗಿ ಬಾಮ್‌ನಲ್ಲಿ ಎರಡನೇ ಹಳಿ ಹಾಕ್ತಾ ಇದ್ದಾರೆ, ಹಾಗಾಗಿ ಊರಿಗೆ ಮತ್ತೆ ಕೆಲಸಗಾರರು ಬರ್ತಾರೆ, ಆದ್ರೆ ತುಂಬಾ ಜನ ವಾಖ್ತಾ ಪದ್ಧತಿಲಿ, ಅಂದ್ರೆ ಒಂದೆರಡು ತಿಂಗಳು ಕ್ಯಾಂಪಲ್ಲಿದ್ದು ದುಡಿದು ತಮ್ಮೂರಿಗೆ ವಾಪಸ್. ಟನ್ ಲೆಕ್ಕದಲ್ಲಿ ಲೈನ್ ಬೆಳೀತಿದೆ, ತಲೆ ಲೆಕ್ಕದಲ್ಲಿ ಊರು ಬೆಳೀತಿಲ್ಲ, ಈ ವಾಖ್ತಾ ಅದಕ್ಕೆ ಒಂದು ದೊಡ್ಡ ಕಾರಣ ಅಂತ ನನ್ನ ಅಭಿಪ್ರಾಯ.

ಎಲ್ಲ ಊರಿಗೂ ಟಿಂಡಾದಷ್ಟು ಬಲ ಇಲ್ಲ. ಸೆವೆರೊಮೂಯ್ಸ್ಕ್ ಅನ್ನೋ ಊರು ಆ ದೊಡ್ಡ ಸುರಂಗ ಕೊರೆಯೋರಿಗೆ ಅಂತಾನೇ ಆಗಿದ್ದು, 2003ರಲ್ಲಿ ಸುರಂಗ ಓಪನ್ ಆದ ಮೇಲೆ ಸಾವಿರಾರು ಜನ ಇದ್ದ ಊರು ಕರಗಿಹೋಯ್ತು. ಟಿಂಡಾಗೆ ಜಂಕ್ಷನ್ ಇತ್ತು, ಶೆಡ್ ಇತ್ತು, ಉಳೀತು.

ಕೊನೇದಾಗಿ ಒಂದು. ರಷ್ಯಾದ ರೈಲ್ವೆ ಟೈಮ್ ಟೇಬಲ್ ಎಲ್ಲ 2018ರ ಆಗಸ್ಟ್ ತನಕ ಮಾಸ್ಕೋ ಟೈಮಲ್ಲೇ ಇರ್ತಿತ್ತು. ಟಿಂಡಾದಲ್ಲಿ ಬೆಳಗ್ಗೆ 8 ಗಂಟೆಗೆ ಸ್ಟೇಷನ್‌ಗೆ ಬಂದ್ರೆ ಅಲ್ಲಿ ಗಡಿಯಾರ ರಾತ್ರಿ 2 ಗಂಟೆ ತೋರಿಸ್ತಿತ್ತು. ಮನೇಲಿ ಒಂದು ಟೈಮು, ಡ್ಯೂಟಿಲಿ ಇನ್ನೊಂದು ಟೈಮು, ನಲವತ್ತು ವರ್ಷಕ್ಕೂ ಮೇಲೆ ಅಲ್ಲಿಯ ರೈಲ್ವೆ ಮನೆಗಳು ಹಾಗೇ ಬದುಕಿದ್ವು. ಆಗಸ್ಟ್ 1ರಿಂದ ಟಿಕೆಟ್ ಮೇಲೂ ಸ್ಟೇಷನ್ ಗಡಿಯಾರದಲ್ಲೂ ಟಿಂಡಾದ ಟೈಮೇ ಬಂತು.