ದಿಬ್ಬದ ಹಿಂದಿನ ಸರೋವರ, ಬಣ್ಣಗೆಡುವ ಕಡಲು

ಅಮೆರಿಕದ ಫ್ಲಾರಿಡಾದಲ್ಲಿರುವ ವಾಲ್ಟನ್ ಕೌಂಟಿಯ ಕರಾವಳಿ ಹೆಸರಾಗಿರುವುದು ಬಿಳಿ ಮರಳಿಗೆ, ಪಚ್ಚೆ ಬಣ್ಣದ ನೀರಿಗೆ. ದೊಡ್ಡ ಮಳೆಯಾದ ಮೇಲೆ ಗ್ರೇಟನ್ ಬೀಚ್‌ನಲ್ಲಿ ಅದೇ ನೀರು ದಡದುದ್ದಕ್ಕೂ ಕಡುಕಂದಾಗಿ ಹರಡಿರುವುದುಂಟು. ಯಾರೋ ಚರಂಡಿ ಬಿಟ್ಟಿದ್ದಾರೆ ಎಂದು ಪ್ರವಾಸಿಗರು ಗೊಣಗುತ್ತಾರೆ. ನೀರು ಬಂದಿರುವುದು ಮರಳು ದಿಬ್ಬಗಳ ಹಿಂದಿನ ವೆಸ್ಟರ್ನ್ ಲೇಕ್‌ನಿಂದ. ಸರೋವರ ಹೀಗೆ ಕಡಲಿಗೆ ಒಡೆದುಕೊಳ್ಳುವುದು ಈ ಬೀಚಿಗೆ ಪ್ರವಾಸಿಗರು ಬರುವುದಕ್ಕಿಂತ ಎಷ್ಟೋ ಹಳೆಯ ಸಂಗತಿ.

ಈ ಕೌಂಟಿಯಲ್ಲಿ ಹೆಸರುಳ್ಳ ಇಂಥ ಸರೋವರಗಳು 15. ಜಗತ್ತಿನಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಮಡಗಾಸ್ಕರ್‌ನಂಥ ಕೆಲವೇ ಕಡೆ ಇವು ಕಾಣಸಿಗುತ್ತವೆ. ಮಳೆಗೆ ಸರೋವರ ತುಂಬಿ, ಕಡಲಿಗೂ ತನಗೂ ನಡುವಿನ ಮರಳಿನ ತಡೆಯನ್ನು ಕೊಚ್ಚಿಕೊಂಡು ಹೊರಬೀಳುತ್ತದೆ. ಮಟ್ಟ ಇಳಿದ ಮೇಲೆ ಉಬ್ಬರದ ಉಪ್ಪುನೀರು ಅದೇ ಬಾಯಿಂದ ಒಳನುಗ್ಗುತ್ತದೆ. ಕೊನೆಗೆ ಅಲೆಗಳೇ ಮರಳು ತಂದು ಅಳಿವೆಯನ್ನು ಮುಚ್ಚುತ್ತವೆ. ಇದಕ್ಕೆ ಪಂಚಾಂಗವಿಲ್ಲ.

ಕಂದು ಬಣ್ಣ ಕೆಸರಿನದಲ್ಲ. ಸುತ್ತಲಿನ ಜೌಗಿನಲ್ಲಿ, ಪೈನ್ ಕಾಡಿನಲ್ಲಿ ಕೊಳೆತ ಎಲೆ, ತೊಗಟೆ, ಬೇರುಗಳಿಂದ ಟ್ಯಾನಿನ್ ಮೊದಲಾದ ಸಾವಯವ ಪದಾರ್ಥಗಳು ನೀರಿಗಿಳಿಯುತ್ತವೆ, ಹಾಲಿಲ್ಲದ ಚಹಾದ ಹಾಗೆ. ಅವು ಕರಗಿರುವುದರಿಂದ ನೀರನ್ನು ಬಟ್ಟೆಯಲ್ಲಿ ಸೋಸಿದರೂ ಬಣ್ಣ ಹೋಗುವುದಿಲ್ಲ.

ನೀರಿನ ಬಣ್ಣವನ್ನು ಅಳೆಯುವ ಹಂಬಲ ಹಳೆಯದು. 1890ರ ಸುಮಾರಿಗೆ ಸ್ವಿಟ್ಜರ್ಲೆಂಡಿನ ವಿಜ್ಞಾನಿ ಫೊರೆಲ್ ನೀಲಿಯಿಂದ ಹಸಿರಿನ ಕಡೆಗೆ ಸಾಗುವ ಬಣ್ಣಗಳ ಮಾಪಕ ಕಟ್ಟಿದರು. ಜರ್ಮನಿಯ ಉಲೆ ಅದನ್ನು ಕಂದಿನವರೆಗೆ ಬೆಳೆಸಿದರು. ಕಡಲ ನೀಲಿ ಬರೀ ಆಕಾಶದ ಪ್ರತಿಬಿಂಬ ಎಂಬ ಮಾತನ್ನು 1921ರ ಹಡಗುಯಾನದಲ್ಲಿ ಪ್ರಶ್ನಿಸಿದವರು ಸಿ.ವಿ. ರಾಮನ್. ನಿಕೋಲ್ ಪಟ್ಟಕವೆಂಬ ಹರಳಿನಿಂದ ನೀರಿನ ಮೇಲ್ಮೈಯ ಪ್ರತಿಫಲನವನ್ನು ತಡೆದು ನೋಡಿದರೂ ನೀಲಿ ಉಳಿದಿತ್ತು. ವಾಲ್ಟನ್ ಸರೋವರಗಳ ಕಥೆಗೆ ಹೆಚ್ಚು ಹತ್ತಿರದವರು ಜರ್ಮನಿಯ ವಿಜ್ಞಾನಿ ಕುರ್ಟ್ ಕಾಲೆ. ನೀರಿನಲ್ಲಿ ಕರಗಿದ ಹಳದಿ ಪದಾರ್ಥವೂ ಕಡಲ ಬಣ್ಣವನ್ನು ಬದಲಿಸುತ್ತದೆ ಎಂದು ಅವರು 1930ರ ದಶಕದಲ್ಲಿ ತೋರಿಸಿದರು. ಅದು ಮೊದಲು ನುಂಗುವುದು ನೀಲಿ ಬೆಳಕನ್ನು. ಕೆಂಪನ್ನು ನುಂಗಲು ನೀರೇ ಸಾಕು. ಹಾಗಾಗಿ ಪದಾರ್ಥ ಸ್ವಲ್ಪವಿದ್ದರೆ ಕಡಲು ಹಸಿರಿಗೆ ತಿರುಗುತ್ತದೆ, ಹೆಚ್ಚಿದ್ದರೆ ಹಳದಿ ಕಂದಿಗೆ.

ವಾಲ್ಟನ್‌ನಲ್ಲಿ ಇದು ಇಷ್ಟು ಎದ್ದು ಕಾಣಲು ಅಪಲೇಚಿಯನ್ ಬೆಟ್ಟಗಳಿಂದ ಬಂದ ಬಿಳಿ ಸ್ಫಟಿಕ ಮರಳೂ ಕಾರಣ. ಅಂಥ ತಳದ ಮೇಲೆ ತೆಳುವಾದ ಕಂದೂ ಅಡಗುವುದಿಲ್ಲ. ಸರೋವರದ ನೀರು ಹಗುರವಾದ್ದರಿಂದ ಉಪ್ಪುನೀರಿನ ಮೇಲೆ ತೇಲುತ್ತದೆ, ದಡದುದ್ದದ ಪ್ರವಾಹ ಅದನ್ನು ಪಕ್ಕಕ್ಕೆಳೆಯುತ್ತದೆ. ಅಲೆಗಳ ಕಲಕಾಟದಲ್ಲಿ ಅದು ತೆಳುವಾಗುತ್ತದೆ, ಬಣ್ಣದ ಪದಾರ್ಥ ಒಂದಷ್ಟು ಉಪ್ಪಿಗೆ ಹೆಪ್ಪುಗಟ್ಟಿ ತಳ ಸೇರುತ್ತದೆ, ಉಳಿದದ್ದು ಬಿಸಿಲಿಗೆ ಮಾಸುತ್ತದೆ.

ದಿಬ್ಬಗಳ ನಡುವೆ ರಸ್ತೆ, ಮನೆಗಳು ಬಂದ ಮೇಲೆ ತಕರಾರು ಶುರುವಾಯಿತು. ಅಂಚಿನ ಮನೆಗಳಿಗೆ ನೀರು ನುಗ್ಗೀತೆಂದು ಕೆಲವು ಸರೋವರಗಳ ಬಾಯಿಯನ್ನು ಯಂತ್ರದಿಂದ ತೆರೆಯುವುದುಂಟು. ಬಾಯಿ ಯಾವಾಗ ತೆರೆದುಕೊಳ್ಳಬೇಕೆಂಬುದನ್ನು ಸರೋವರಕ್ಕೇ ಬಿಡುವುದು ವಾಸಿ ಎಂಬುದು ನನ್ನ ಎಣಿಕೆ. ಮನೆಯ ಹೊಸ್ತಿಲಿಗೆ ನೀರು ಬಂದವರು ಒಪ್ಪಲಿಕ್ಕಿಲ್ಲ.

ಕಂದು ನೀರೆಲ್ಲ ನಿರಪಾಯ ಎಂದೂ ಅಲ್ಲ. ಮಳೆನೀರು ರಸ್ತೆಯ ಕೊಳೆಯನ್ನೂ ಪ್ರಾಣಿಗಳ ಮಲವನ್ನೂ ಸರೋವರಕ್ಕೆ ಸೇರಿಸಬಲ್ಲದು, ಅದು ಕಣ್ಣಿಗೆ ಕಾಣದು. ಫ್ಲಾರಿಡಾದ ಆರೋಗ್ಯ ಇಲಾಖೆ ಬೀಚ್ ನೀರಿನಲ್ಲಿ ಅಳೆಯುವುದು ಮಲದ ಸುಳಿವು ಕೊಡುವ ಎಂಟರೊಕಾಕೈ ಬ್ಯಾಕ್ಟೀರಿಯಾವನ್ನು, ಬಣ್ಣವನ್ನಲ್ಲ.