ತಪ್ಪು ಮನಸ್ಸಾಕ್ಷಿಯ ಮಾತನ್ನೂ ಕೇಳಬೇಕಾ?

ಮನಸ್ಸಾಕ್ಷಿ ಅಂದರೆ ಅಶರೀರವಾಣಿ ಅಲ್ಲ, ಸುಮ್ನೆ ಒಂದು ಅನಿಸಿಕೆಯೂ ಅಲ್ಲ. ಈಗ ಮಾಡಹೊರಟ ಈ ಕೆಲಸ ಸರಿಯೋ ತಪ್ಪೋ ಅಂತ ಬುದ್ಧಿ ಕೊಡುವ ತೀರ್ಪು. 13ನೇ ಶತಮಾನದ ಕ್ರೈಸ್ತ ದೇವಶಾಸ್ತ್ರಜ್ಞ ತೋಮಸ್ ಅಕ್ವಿನಾಸ್ ಹೇಳುವುದು ಹೀಗೆ. ತೀರ್ಪು ಅಂದಮೇಲೆ ಎಡವಬಹುದು, ಅಲ್ವಾ? ತೊಡಕು ಶುರುವಾಗುವುದೇ ಇಲ್ಲಿ.

ಎಡವಿದ ತೀರ್ಪನ್ನೂ ಪಾಲಿಸಬೇಕಾ? ಹೌದು, ಮೀರಿದರೆ ಪಾಪ ಅನ್ನುತ್ತಾರೆ ಅಕ್ವಿನಾಸ್. ಅವರು ಕೊಡುವ ಉದಾಹರಣೆಗೆ ಗುಂಡಿಗೆ ಬೇಕು. ಕ್ರಿಸ್ತನನ್ನು ನಂಬುವುದು ಒಳ್ಳೆಯದು, ಆತ್ಮದ ರಕ್ಷಣೆಗೆ ಬೇಕೇ ಬೇಕು. ಆದರೆ ಒಬ್ಬನ ಬುದ್ಧಿಗೆ ಅದು ಕೆಟ್ಟದ್ದಾಗಿ ಕಂಡರೆ, ಅವನು ನಂಬಲು ಹೊರಡುವುದೂ ಕೆಟ್ಟದ್ದೇ. ಕೆಟ್ಟದ್ದು ಅಂದುಕೊಂಡೇ ಕೈಹಾಕಿದನಲ್ಲ!

ಬೈಬಲ್‌ನಲ್ಲಿ, ಕೊರಿಂಥದವರಿಗೆ ಬರೆದ ಮೊದಲ ಪತ್ರದ 8ನೇ ಅಧ್ಯಾಯದಲ್ಲಿ ಯೇಸುವಿನ ಪ್ರೇಷಿತ ಪೌಲ ಹೇಳುವುದೂ ಇದನ್ನೇ. ವಿಗ್ರಹಕ್ಕೆ ಅರ್ಪಿಸಿದ ಮಾಂಸ ತಿಂದರೆ ನಷ್ಟವಿಲ್ಲ. ಆದರೆ ತಿನ್ನಬಾರದು ಅಂದುಕೊಂಡವನು ಪಕ್ಕದವನನ್ನು ನೋಡಿ ತಿಂದರೆ ಕೆಟ್ಟ. ನಮ್ಮಲ್ಲಿ ಕ್ರೈಸ್ತರು ದೇವಸ್ಥಾನದ ಪ್ರಸಾದ ತಗೋಬಹುದಾ ಅನ್ನುವ ಚರ್ಚೆ ಎದ್ದಾಗಲೂ ಜನ ತೆರೆಯುವುದು ಈ ಅಧ್ಯಾಯವನ್ನೇ.

ನಾನು ಜಾಸ್ತಿ ಹೊತ್ತು ಸಿಕ್ಕಿಹಾಕಿಕೊಂಡಿದ್ದು ಮುಂದಿನ ಹೆಜ್ಜೆಯಲ್ಲಿ. ಪಾಲಿಸಲೇಬೇಕು ಅಂದಮೇಲೆ ಪಾಲಿಸಿದವನು ನಿರ್ದೋಷಿ ತಾನೇ? ಅಲ್ಲ. ಇವು ಎರಡು ಬೇರೆ ಪ್ರಶ್ನೆ, ಅಕ್ವಿನಾಸ್ ಬೇರೆ ಬೇರೆಯಾಗಿಯೇ ಉತ್ತರಿಸುತ್ತಾರೆ. ತಿಳಿಯಲು ಸಾಧ್ಯವೇ ಇರಲಿಲ್ಲ ಅಂದರೆ ಕ್ಷಮೆ ಇದೆ. ತಿಳಿದುಕೊಳ್ಳಬೇಕಾದ್ದನ್ನು ಉದಾಸೀನದಿಂದ ಬಿಟ್ಟಿದ್ದರೆ ಇಲ್ಲ. ಕ್ಯಾಥೊಲಿಕ್ ಧರ್ಮಸಭೆಯ ಬೋಧನೆಗಳನ್ನು ಒಟ್ಟುಮಾಡಿದ ಪುಸ್ತಕ ಕ್ಯಾಟೆಕಿಸಂನ 1790 ಮತ್ತು 1791ನೇ ಪರಿಚ್ಛೇದಗಳಲ್ಲೂ ಇವೆರಡು ಅಕ್ಕಪಕ್ಕದಲ್ಲಿವೆ.

ಹಾಗಾದರೆ ಉದಾಸೀನ ಮಾಡಿದವನಿಗೆ ಪಾಲಿಸಿದರೂ ಪಾಪ, ಮೀರಿದರೂ ಪಾಪ. ಎತ್ತ ಹೋಗಬೇಕು? ಅಕ್ವಿನಾಸರ ಉತ್ತರ ಒಂದೇ ಸಾಲು: ತಪ್ಪು ತಿಳುವಳಿಕೆಯನ್ನೇ ಬಿಡಬಹುದಲ್ಲ. ಅಜ್ಞಾನ ಅವನೇ ತಂದುಕೊಂಡದ್ದು, ಹಾಗಾಗಿ ಅವನೇ ಕಳೆದುಕೊಳ್ಳಬಹುದು. ಈ ಮೂರನೇ ದಾರಿ ಕಾಣದಿದ್ದರೆ ಇಡೀ ವಾದ ಮೊಂಡು ಅನ್ನಿಸುತ್ತದೆ. 'ನನ್ನ ಮನಸ್ಸಾಕ್ಷಿ ಒಪ್ಪಿದೆ' ಅಂದು ಕೈತೊಳೆದುಕೊಳ್ಳುವಂತಿಲ್ಲ. ಆ ಮನಸ್ಸಾಕ್ಷಿಯನ್ನು ತಿದ್ದಲು ಏನು ಮಾಡಿದೆ ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತದೆ.

ಆಸ್ಟ್ರಿಯಾದ ರೈತ ಫ್ರಾನ್ಸ್ ಯೇಗರ್‌ಸ್ಟೇಟರ್ ಆ ಕೆಲಸ ಮಾಡಿದ್ದರು. ಹಿಟ್ಲರನ ಯುದ್ಧಕ್ಕೆ ಹೋಗುವುದು ಸರಿಯೇ ಅಂತ ಬೈಬಲ್ ಓದಿದರು, ಪಾದ್ರಿಗಳನ್ನು ಕೇಳಿದರು, ಬಿಷಪ್ಪರ ಹತ್ತಿರವೂ ಹೋದರು. ಹೆಂಡತಿ ಮಕ್ಕಳನ್ನು ನೋಡಿಕೊ ಅನ್ನುವ ಬುದ್ಧಿಮಾತೇ ಸಿಕ್ಕಿತು. ಎಲ್ಲ ಕೇಳಿಸಿಕೊಂಡೂ ಒಪ್ಪಲಾಗಲಿಲ್ಲ. 1943ರ ಆಗಸ್ಟ್ 9ರಂದು ಅವರ ತಲೆ ಕಡಿದರು. 2007ರಲ್ಲಿ ಅದೇ ಧರ್ಮಸಭೆ ಅವರನ್ನು ಪುನೀತರೆಂದು, ಅಂದರೆ ಸಂತ ಪದವಿಗೆ ಒಂದು ಮೆಟ್ಟಿಲು ಕೆಳಗಿನವರೆಂದು, ಸಾರಿತು.